ಅಂಚಿನಲ್ಲಿ ನಿಂತವರಿಗೊಂದು ಲೆನ್ಸು

ಫೋಟೋ ತೆಗೆಯುವವರ ನಡುವೆ ಬಹಳ ಕಾಲದಿಂದ ಓಡಾಡುತ್ತಿರುವ ಒಂದು ಮಾತಿದೆ: "ವೈಡ್ ಲೆನ್ಸ್ ಹಾಕಿದರಾಯಿತು, ಎಲ್ಲರೂ ಬರುತ್ತಾರೆ." ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ. ಮಾತು ಸುಳ್ಳಲ್ಲ. ಎಲ್ಲರೂ ಬರುತ್ತಾರೆ. ಹೇಗೆ ಬರುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಡುವೆ ಕುಳಿತ ಯಜಮಾನರು ನೆಟ್ಟಗೆ ಬರುತ್ತಾರೆ. ತುದಿಯಲ್ಲಿ ನಿಂತ ಚಿಕ್ಕತ್ತೆಯ ಮುಖ ಹಲಸಿನ ತೊಳೆಯ ಹಾಗೆ ಒಂದು ಪಕ್ಕಕ್ಕೆ ಎಳೆದುಕೊಂಡಿರುತ್ತದೆ. ನಮ್ಮ ಕಡೆಯ ಗುಂಪಿನ ಫೋಟೋಗಳಲ್ಲಿ ತುದಿಗೆ ಯಾರು ನಿಲ್ಲುತ್ತಾರೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಫಿಲ್ಮ್ ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಕೈಗೆಟುಕುವ ಬೆಲೆಯ ಅಗಲ ನೋಟದ ಲೆನ್ಸು ಯಾವುದು ಎಂಬ ವಿಚಾರದಲ್ಲಿ ಒಂದು ವರ್ಷದಿಂದ ನಾನು ಓದಿದ್ದು, ಕೇಳಿದ್ದು, ಕೈಯಲ್ಲಿ ಹಿಡಿದು ನೋಡಿದ್ದು ಸಾಕಷ್ಟಾಯಿತು. ಈ ಲೆನ್ಸುಗಳ ಬಗ್ಗೆ ಬರೆಯುವವರು ಬಹುಮಟ್ಟಿಗೆ ಬೆಲೆ, ಚೂಪು, ಗಾಜಿನ ಲೇಪ ಎಂದು ಅಳೆಯುತ್ತಾರೆ. ಪರೀಕ್ಷೆಗೆಂದು ಇಟ್ಟಿಗೆ ಗೋಡೆಯ ಫೋಟೋ ತೆಗೆದು, ಸಾಲುಗಳು ನೆಟ್ಟಗಿವೆಯೇ ಎಂದು ನೋಡುತ್ತಾರೆ. ಆ ಗೋಡೆಯ ತುದಿಯಲ್ಲಿ ಒಬ್ಬ ಮನುಷ್ಯಳನ್ನು ನಿಲ್ಲಿಸಿ ನೋಡಿದವರು ಕಡಿಮೆ. ನನಗೆ ಮುಖ್ಯವಾದದ್ದು ಆ ಪರೀಕ್ಷೆ. ಅದರ ಮೇಲೆ ಈ ಲೆನ್ಸುಗಳನ್ನು ತೂಗಿ ನೋಡುವುದು ಈ ಬರಹದ ಉದ್ದೇಶ.

ನಾನು ವಿಜ್ಞಾನದ ಟೀಚರಲ್ಲ, ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ಕ್ಯಾಮೆರಾದ ಗೀಳು ಹತ್ತಿದ್ದು ಸೋದರಮಾವನಿಂದ. ಮುಂಬಯಿಯಲ್ಲಿ ಹಡಗಿನ ಕೆಲಸದಲ್ಲಿದ್ದ ಅವರು ಬಿಟ್ಟುಹೋದದ್ದು ಜಪಾನಿನ ಒಂದು ಕ್ಯಾನನ್ 7 ಮತ್ತು ಅದರ ಜೊತೆಯ 50 ಮಿಲಿಮೀಟರಿನ ಲೆನ್ಸು. ಕ್ಯಾನನ್ 7 ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಇಂದಿಗೂ ಅದು ಗಟ್ಟಿಮುಟ್ಟಾದ ಯಂತ್ರ. ಫಿಲ್ಮಿನ ಕಾಲ ಮುಗಿಯಿತಲ್ಲ ಎನ್ನಬಹುದು ನೀವು. ಮುಗಿದಿಲ್ಲ; ರೀಲು ಸಿಗುತ್ತದೆ, ತೊಳೆದು ಕೊಡುವವರೂ ಇದ್ದಾರೆ. ಬೆಲೆ ಮಾತ್ರ ಏರಿದೆ. ಒಂದು ರೀಲಿಗೆ ಮೂವತ್ತಾರೇ ಚಿತ್ರ ಎಂದಾಗ ಯಾರನ್ನು ತೆಗೆಯಬೇಕು, ಯಾರನ್ನು ಬಿಡಬೇಕು ಎಂಬ ಯೋಚನೆ ತಾನಾಗಿಯೇ ಹುಟ್ಟುತ್ತದೆ. ಈ ಯೋಚನೆಗಾಗಿಯೇ ನಾನು ಫಿಲ್ಮನ್ನು ಬಿಟ್ಟಿಲ್ಲ.

ರೇಂಜ್‌ಫೈಂಡರ್ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನೀವು ಕಣ್ಣಿಟ್ಟು ನೋಡುವುದು ಲೆನ್ಸಿನ ಮೂಲಕವಲ್ಲ. ಕ್ಯಾಮೆರಾದ ಮೇಲ್ಭಾಗದಲ್ಲಿರುವ ಪುಟ್ಟ ಕಿಟಕಿಯ ಮೂಲಕ. ಆ ಕಿಟಕಿಯ ನಡುವೆ ಒಂದು ಮಸುಕಾದ ಚೌಕ. ಅದರಲ್ಲಿ ಎದುರಿನವರ ಎರಡೆರಡು ಬಿಂಬ ಕಾಣುತ್ತದೆ. ಲೆನ್ಸನ್ನು ತಿರುಗಿಸುತ್ತಾ ಹೋದರೆ ಎರಡೂ ಒಂದಾಗಿ ಕೂಡುತ್ತವೆ. ಕೂಡಿದ ಗಳಿಗೆಯಲ್ಲಿ ಫೋಕಸ್ ಸರಿಯಾಯಿತೆಂದು ಅರ್ಥ. ಕಿಟಕಿ ಬೇರೆ, ಲೆನ್ಸು ಬೇರೆಯಾದ್ದರಿಂದ ನೀವು ಯಾವ ಲೆನ್ಸು ಹಾಕಿದರೂ ಕಿಟಕಿಯ ನೋಟ ಬದಲಾಗದು. ಯಾವ ಲೆನ್ಸಿಗೆ ಎಷ್ಟು ಜಾಗ ಸೇರುತ್ತದೆ ಎಂದು ತೋರಿಸಲು ಕಿಟಕಿಯೊಳಗೆ ಹೊಳೆಯುವ ಗೆರೆಗಳ ಚೌಕಟ್ಟು ಇರುತ್ತದೆ, ರಂಗೋಲಿಯ ಅಂಚಿನ ಹಾಗೆ. ಕ್ಯಾನನ್ 7ರಲ್ಲಿ ಮೇಲಿನ ಚಕ್ರ ತಿರುಗಿಸಿದರೆ 35, 50, 85 ಮತ್ತು 100 ಒಟ್ಟಿಗೆ, 135 ಹೀಗೆ ಚೌಕಟ್ಟುಗಳು ಒಂದಾದ ಮೇಲೊಂದು ಬರುತ್ತವೆ. ಲೆನ್ಸಿನ ಆಯ್ಕೆ ಈ ಗೆರೆಗಳಿಂದಲೇ ಶುರುವಾಗಬೇಕು. ಅಂಗಡಿಗೆ ಹೋಗುವುದು ಆಮೇಲೆ.

ಇನ್ನು ಲೆಕ್ಕ. ಫಿಲ್ಮಿನ ಮೇಲಿನ ಒಂದು ಚಿತ್ರದ ಅಗಲ 36 ಮಿಲಿಮೀಟರು. ಇದನ್ನು ಲೆನ್ಸಿನ ಸಂಖ್ಯೆಯಿಂದ ಭಾಗಿಸಿ, ನೀವು ನಿಂತ ದೂರದಿಂದ ಗುಣಿಸಿದರೆ ಎಷ್ಟು ಅಗಲ ಫೋಟೋದೊಳಗೆ ಬರುತ್ತದೆಂದು ಸಿಗುತ್ತದೆ. ಹತ್ತು ಅಡಿ ದೂರದಲ್ಲಿ ನಿಂತರೆ 50ರ ಲೆನ್ಸಿಗೆ ಏಳು ಅಡಿಗಿಂತ ತುಸು ಹೆಚ್ಚು ಅಗಲ ಬರುತ್ತದೆ. 35ಕ್ಕೆ ಹತ್ತು ಅಡಿ, 28ಕ್ಕೆ ಹದಿಮೂರು ಅಡಿ, 21ಕ್ಕೆ ಹದಿನೇಳು ಅಡಿ. ಇವುಗಳಲ್ಲಿ 35ರ ಲೆಕ್ಕ ನನಗೆ ತುಂಬ ಹಿಡಿಸಿತು. ಎಷ್ಟು ದೂರ ನಿಂತಿದ್ದೀರೋ ಅಷ್ಟೇ ಅಗಲ ಕಾಣುತ್ತದೆ. ಎಂಟು ಅಡಿಗೆ ಎಂಟು, ಹದಿನೈದಕ್ಕೆ ಹದಿನೈದು. ನೆನಪಿಡಲು ಮಗ್ಗಿಯೂ ಬೇಡ.

ಸೋದರಮಾವ ತೆಗೆದ ಚಿತ್ರಗಳ ಒಂದು ಕಟ್ಟು ನನ್ನ ಬಳಿ ಇದೆ. ಎಲ್ಲ 50ರಲ್ಲಿ ತೆಗೆದವು. ಜಗಲಿಯ ಮೇಲೆ ಸಾಲಾಗಿ ಕುಳಿತ ಗಂಡಸರು, ಅವರ ಕಾಲ ಬಳಿ ಮಕ್ಕಳು. ಬಾಗಿಲ ಬಳಿ ಅರ್ಧ ಸೆರಗು, ಒಂದು ಕೈ, ಕೆಲವೊಮ್ಮೆ ಬಳೆ ಮಾತ್ರ. ಆ ಕೈ ಅಜ್ಜಿಯದೋ ದೊಡ್ಡಮ್ಮನದೋ ಎಂದು ಈಗ ಹೇಳುವವರಿಲ್ಲ. ಅಂಗಳ ಚಿಕ್ಕದು, ಹಿಂದೆ ಸರಿಯಲು ಜಾಗವಿಲ್ಲ, ಇದ್ದ ಲೆನ್ಸಿಗೆ ಏಳು ಅಡಿಯಷ್ಟೇ ದಕ್ಕುತ್ತಿತ್ತು. ಆ ಏಳು ಅಡಿಯಲ್ಲಿ ಯಾರು ಕೂರಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಅಗಲ ನೋಟದ ಲೆನ್ಸು ಬೇಕೆಂಬ ಆಸೆ ನನಗೆ ಹುಟ್ಟಿದ್ದು ಇಂಥ ಫೋಟೋಗಳನ್ನು ನೋಡಿ ನೋಡಿ.

ಹಾಗಿದ್ದರೆ ಎಲ್ಲಕ್ಕಿಂತ ಅಗಲವಾದದ್ದನ್ನೇ ತಂದರಾಯಿತಲ್ಲ ಎನ್ನಬಹುದು. ತೊಡಕು ಇರುವುದು ಅಲ್ಲಿಯೇ. ಗೋಡೆ, ಕಂಬ, ಬಾಗಿಲವಾಡ ನೆಟ್ಟಗೆ ಬರುವಂತೆ ಮಾಡಿದ ಯಾವ ಲೆನ್ಸೇ ಆಗಲಿ, ದುಂಡಗಿನ ವಸ್ತುಗಳನ್ನು ಅಂಚಿಗೆ ಹೋದಂತೆ ಹಿಗ್ಗಿಸಲೇಬೇಕು. ಇದು ಲೆನ್ಸಿನ ತಪ್ಪಲ್ಲ, ರೇಖಾಗಣಿತದ ನಿಯಮ. ನಮ್ಮ ಶಾಲೆಯ ಗಣಿತದ ಟೀಚರು ಬಿಡುವಿನ ವೇಳೆಯಲ್ಲಿ ಕರಿಹಲಗೆಯ ಮೇಲೆ ಇದನ್ನು ಬಿಡಿಸಿ ತೋರಿಸಿದರು. ಚಿತ್ರದ ಎಡ ಬಲ ತುದಿಯಲ್ಲಿ ಒಂದು ದುಂಡಗಿನ ಚೆಂಡನ್ನಿಟ್ಟರೆ, 50ರ ಲೆನ್ಸಿನಲ್ಲಿ ಅದು ಉದ್ದಕ್ಕಿಂತ ಅಗಲಕ್ಕೆ ನೂರಕ್ಕೆ ಸುಮಾರು ಆರು ಪಾಲು ಹೆಚ್ಚು ಕಾಣುತ್ತದೆ. 35ರಲ್ಲಿ ಹನ್ನೆರಡು ಪಾಲು, 28ರಲ್ಲಿ ಹತ್ತೊಂಬತ್ತು, 21ರಲ್ಲಿ ಮೂವತ್ತೆರಡು. 15ರ ಲೆನ್ಸಿಗೆ ಹೋದರೆ ಚೆಂಡು ಒಂದೂವರೆ ಪಟ್ಟು ಅಗಲ. ಚೆಂಡಿನ ಜಾಗದಲ್ಲಿ ಒಂದು ತಲೆಯನ್ನು ಕಲ್ಪಿಸಿಕೊಳ್ಳಿ. ಹನ್ನೆರಡು ಪಾಲು ಹಿಗ್ಗಿದರೆ ಕಣ್ಣು ಕ್ಷಮಿಸುತ್ತದೆ, "ಸ್ವಲ್ಪ ಮೈ ಬಂದಿದೆ" ಎಂದುಕೊಂಡು ಸುಮ್ಮನಾಗುತ್ತೇವೆ. ಮೂವತ್ತೆರಡು ಪಾಲು ಹಿಗ್ಗಿದ ಮುಖವನ್ನು ಯಾರೂ ಕ್ಷಮಿಸುವುದಿಲ್ಲ, ಆ ಮುಖದ ಒಡತಿಯಂತೂ ಇಲ್ಲವೇ ಇಲ್ಲ.

ನಂಬಿಕೆ ಬಾರದಿದ್ದರೆ ನಿಮ್ಮ ಮೊಬೈಲಿನಲ್ಲೇ ನೋಡಬಹುದು. ಈಗಿನ ಅನೇಕ ಫೋನುಗಳಲ್ಲಿ 0.5 ಎಂಬ ಗುಂಡಿ ಇರುತ್ತದಲ್ಲ, ಅದನ್ನು ಒತ್ತಿ. ಒಂದು ತೆಂಗಿನಕಾಯಿಯನ್ನು ಚಿತ್ರದ ನಡುವೆ ಇಟ್ಟು ಒಂದು ಫೋಟೋ, ಅದೇ ಕಾಯಿಯನ್ನು ಮೂಲೆಗೆ ಸರಿಸಿ ಇನ್ನೊಂದು. ಕೆಲವು ಫೋನುಗಳು ಮುಖವನ್ನು ಗುರುತಿಸಿ ಒಳಗೊಳಗೇ ತಿದ್ದಿಬಿಡುತ್ತವೆ, ಆದ್ದರಿಂದ ತೆಂಗಿನಕಾಯಿಯೇ ಒಳ್ಳೆಯದು. ಫಿಲ್ಮ್ ಕ್ಯಾಮೆರಾದೊಳಗೆ ತಿದ್ದುವವರು ಯಾರೂ ಕೂತಿಲ್ಲ. ಬಿದ್ದದ್ದು ಬಿದ್ದಂತೆಯೇ.

ಈಗ ಬೆಲೆಯ ಮಾತು. ಲೈಕಾ ಹೆಸರಿನ ಹೊಸ ಅಗಲ ಲೆನ್ಸು ಲಕ್ಷಗಳ ಬಾಬತ್ತು. ಅದು ನಮ್ಮ ಮಾತಲ್ಲ ಎಂದು ಪಕ್ಕಕ್ಕಿಡೋಣ. ಅದಕ್ಕಿಂತ ಕೆಳಗೆ ಬಂದರೂ ಬೆಲೆಪಟ್ಟಿಯ ಅಂಕಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಸೀರೆಗೆ ರವಿಕೆ ಬಟ್ಟೆ, ಫಾಲ್ಸು, ಹೊಲಿಗೆಯ ಖರ್ಚು ಸೇರಿದ ಮೇಲೆ ತಾನೆ ಅದರ ನಿಜವಾದ ಬೆಲೆ? ಲೆನ್ಸಿಗೂ ಹಾಗೆಯೇ. ನಿಮ್ಮ ಕ್ಯಾಮೆರಾದ ಕಿಟಕಿಯಲ್ಲಿ ಅದರ ಚೌಕಟ್ಟು ಇಲ್ಲದಿದ್ದರೆ ಹೊರಗಿನಿಂದ ಇನ್ನೊಂದು ಪುಟ್ಟ ವ್ಯೂಫೈಂಡರ್ ಕೊಂಡು ಕ್ಯಾಮೆರಾದ ನೆತ್ತಿಯ ಮೇಲೆ ಸಿಕ್ಕಿಸಬೇಕು. ಒಳ್ಳೆಯ ವ್ಯೂಫೈಂಡರಿನ ಬೆಲೆ ಕೆಲವೊಮ್ಮೆ ಲೆನ್ಸಿನ ಬೆಲೆಯ ಹತ್ತಿರ ಬಂದುಬಿಡುತ್ತದೆ. ಮೇಲಾಗಿ ಫೋಕಸ್ ಮಾಡಲು ಒಂದು ಕಿಟಕಿ, ಚಿತ್ರ ಹೊಂದಿಸಲು ಇನ್ನೊಂದು ಕಿಟಕಿ. ಎರಡರ ನಡುವೆ ಕಣ್ಣು ಓಡಾಡುವಷ್ಟರಲ್ಲಿ ಮಗು ಎದ್ದು ಹೋಗಿರುತ್ತದೆ.

ದೊಡ್ಡ ಹೆಸರಿನ ಕ್ಯಾಮೆರಾಗಳಿಗೂ ಈ ತೊಂದರೆ ತಪ್ಪಿದ್ದಲ್ಲ. 1954ರ ಲೈಕಾ ಎಂ3ರ ಕಿಟಕಿಯಲ್ಲಿ 50ಕ್ಕಿಂತ ಅಗಲದ ಚೌಕಟ್ಟು ಇರಲಿಲ್ಲ. ಅದಕ್ಕಾಗಿ 35ರ ಲೆನ್ಸಿಗೇ ಒಂದು ಜೊತೆ ಕನ್ನಡಕ ಕಟ್ಟಿದರು. ಲೆನ್ಸನ್ನು ಹಾಕಿದಾಗ ಆ ಕನ್ನಡಕ ಕ್ಯಾಮೆರಾದ ಕಿಟಕಿಗಳ ಮುಂದೆ ಬಂದು ಕೂರುತ್ತದೆ, ಒಳಗಿನ ನೋಟ ಅಗಲವಾಗುತ್ತದೆ. ನೋಡಲು ಸ್ವಲ್ಪ ತಮಾಷೆಯಾಗಿಯೇ ಇರುತ್ತದೆ. ಅದಕ್ಕೋ ಏನೋ, ಕನ್ನಡಕದ ಲೆನ್ಸುಗಳು ಸಾಮಾನ್ಯವಾಗಿ ಕನ್ನಡಕವಿಲ್ಲದವುಗಳಿಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಎಂ3 ಇದ್ದವರಿಗೆ ಇದು ಒಳ್ಳೆಯ ದಾರಿ. ಮೂವತ್ತು ವರ್ಷದಿಂದ ಕನ್ನಡಕ ಹಾಕುತ್ತಿರುವ ನನಗೆ ಆ ಲೆನ್ಸಿನ ಮೇಲೆ ವಿಶೇಷ ಅಭಿಮಾನ. 1958ರ ಎಂ2 ಮಾದರಿಯಲ್ಲಿ 35ರ ಚೌಕಟ್ಟನ್ನು ಕಿಟಕಿಯೊಳಗೇ ತಂದರು. 28ರ ಚೌಕಟ್ಟು ಬೇಕೆಂದರೆ 1980ರ ದಶಕದ ಎಂ6, ಅಥವಾ ಜಪಾನಿನ ಮಿನೋಲ್ಟಾ ಸಿಎಲ್‌ಇ ನೋಡಬೇಕು. ಜಪಾನಿನ ಕೊಸಿನಾ ಕಂಪನಿ ತಯಾರಿಸುತ್ತಿದ್ದ ಬೆಸ್ಸಾ ಆರ್4ರಲ್ಲಂತೂ 21ರವರೆಗೂ ಗೆರೆಗಳಿವೆ.

ನನ್ನ ಕ್ಯಾನನ್ 7ರ ವಿಷಯ ಇನ್ನೂ ಸರಳ. ಅದರ ನೆತ್ತಿಯ ಮೇಲೆ ಹೊರಗಿನ ವ್ಯೂಫೈಂಡರ್ ಸಿಕ್ಕಿಸುವ ಜಾಗವನ್ನೇ ಮಾಡಿಲ್ಲ. ಮುಂದೆ ಬಂದ 7ಎಸ್ ಮಾದರಿಯಲ್ಲಿ ಸೇರಿಸಿದರು. ಹೀಗಾಗಿ 28 ಮತ್ತು 21ರ ಲೆನ್ಸುಗಳು ಈ ಕ್ಯಾಮೆರಾಕ್ಕೆ ತಿರುಪು ಹೊಂದಿದರೂ ಬಳಕೆಗೆ ಹೊಂದುವುದಿಲ್ಲ. ಇದನ್ನು ಕೊರತೆ ಎನ್ನುವವರು ಎನ್ನಲಿ. ನನಗೇನೋ ಮನೆಯ ಹಿರಿಯರು "ಇಷ್ಟು ಸಾಕು" ಎಂದಂತೆ ಕೇಳಿಸಿತು.

ತಿರುಪಿನ ವಿಷಯವನ್ನೂ ತಿಳಿದಿರುವುದು ಒಳ್ಳೆಯದು, ಹಣ ಪೋಲಾಗುವುದು ಇಲ್ಲಿಯೇ. ಹಳೆಯ ಲೈಕಾ, ಕ್ಯಾನನ್, ಸೋವಿಯತ್ ದೇಶದ ಜ಼ೋರ್ಕಿ, ಫೆಡ್ ಇವೆಲ್ಲ 39 ಮಿಲಿಮೀಟರಿನ ತಿರುಪಿನವು; ಡಬ್ಬಿಯ ಮುಚ್ಚಳದಂತೆ ಲೆನ್ಸನ್ನು ತಿರುಗಿಸಿ ಕೂರಿಸಬೇಕು. 1954ರಿಂದೀಚೆಗಿನ ಲೈಕಾ ಎಂ ಕ್ಯಾಮೆರಾಗಳಲ್ಲಿ ತಿರುಪಿಲ್ಲ, ಸಿಕ್ಕಿಸಿ ಸ್ವಲ್ಪ ತಿರುಗಿಸುವ ಹಿಡಿಕೆ. ತಿರುಪಿನ ಕ್ಯಾಮೆರಾದಲ್ಲಿ ಲೆನ್ಸಿನ ಬುಡದಿಂದ ಫಿಲ್ಮಿಗೆ 28.8 ಮಿಲಿಮೀಟರು ದೂರ, ಎಂ ಕ್ಯಾಮೆರಾದಲ್ಲಿ 27.8. ನಡುವಿನ ಒಂದು ಮಿಲಿಮೀಟರಿನಲ್ಲಿ ತೆಳುವಾದ ಒಂದು ಬಳೆ ಕೂರುತ್ತದೆ. ಆದ್ದರಿಂದ ತಿರುಪಿನ ಲೆನ್ಸು ಬಳೆ ತೊಟ್ಟು ಎಂ ಕ್ಯಾಮೆರಾದ ಮನೆಗೂ ಹೋಗಬಲ್ಲದು. ಎಂ ಲೆನ್ಸು ತಿರುಪಿನ ಮನೆಗೆ ಬರಲಾರದು. ಎರಡು ಕಡೆಗೂ ಸಲ್ಲುವ ಲೆನ್ಸು ಬೇಕೆಂದರೆ ತಿರುಪಿನದನ್ನೇ ಕೊಳ್ಳಿ. ಬಳೆ ಕೊಳ್ಳುವಾಗ 35ಕ್ಕೆ ಬೇರೆ, 28ಕ್ಕೆ ಬೇರೆ ಎಂದು ನೆನಪಿಡಿ, ಎಂ ಕ್ಯಾಮೆರಾದ ಕಿಟಕಿಯಲ್ಲಿ ಸರಿಯಾದ ಚೌಕಟ್ಟನ್ನು ತರುವುದು ಆ ಬಳೆಯೇ.

ಇನ್ನು ಒಂದೊಂದಾಗಿ ನೋಡೋಣ. ಅಗ್ಗ ಎಂದರೆ ಮೊದಲು ಕೇಳಿಬರುವುದು ರಷ್ಯಾದ ಜೂಪಿಟರ್-12. 35 ಮಿಲಿಮೀಟರು, ಎಫ್ 2.8. ಇದರ ಮೂಲ ಜರ್ಮನಿಯ ಜೈಸ್ ಕಂಪನಿಗಾಗಿ ಲುಡ್ವಿಗ್ ಬರ್ಟೆಲೆ 1930ರ ದಶಕದಲ್ಲಿ ರೂಪಿಸಿದ ಬಯೋಗಾನ್. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ದೇಶ ಅದನ್ನು ತನ್ನದಾಗಿಸಿಕೊಂಡಿತು. ವಿನ್ಯಾಸ ಉತ್ತಮವಾದದ್ದು, ನಡುಭಾಗ ಚೆನ್ನಾಗಿ ಚೂಪಾಗಿ ಬರುತ್ತದೆ, ಗೆರೆಗಳು ನೆಟ್ಟಗೆ. ಆದರೆ ಅದರ ಹಿಂದಿನ ಗಾಜು ದಪ್ಪ ಗುಳ್ಳೆಯಂತೆ ಕ್ಯಾಮೆರಾದೊಳಕ್ಕೆ ಚಾಚಿಕೊಂಡಿರುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಒಳಗೆ ತಗಲುವುದುಂಟು. ಕೊಳ್ಳುವ ಮೊದಲು ನಿಮ್ಮ ಮಾದರಿಗೆ ಕೂರುತ್ತದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಬೆಳಕಿನ ಕಿಂಡಿ ತಿರುಗಿಸುವ ಉಂಗುರ ಲೆನ್ಸಿನ ಮೂತಿಯೊಳಗೆ ಹುದುಗಿದೆ, ಅದು ಟಿಕ್ ಟಿಕ್ ಎಂದು ನಿಲ್ಲುವುದೂ ಇಲ್ಲ. ಒಂದೊಂದು ಲೆನ್ಸು ಒಂದೊಂದು ಗುಣ. ಕಿಯೆವ್ ಕ್ಯಾಮೆರಾಕ್ಕೆಂದು ಮಾಡಿದ ಜೂಪಿಟರೂ ಇವೆ, ಅವು ತಿರುಪಿನ ಕ್ಯಾಮೆರಾಕ್ಕೆ ಸೇರವು. ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅವಕಾಶವಿದ್ದರೆ ಮಾತ್ರ ಇದು ಅಗ್ಗ. ಕಾಣದೆ ತರಿಸಿದರೆ ಅದೃಷ್ಟದ ಆಟ.

ಎರಡನೆಯದು 1950ರ ದಶಕದ ಕ್ಯಾನನ್ 35, ಎಫ್ 2.8. ಹಿತ್ತಾಳೆಯ ಮೈ, ಮೇಲೆ ಕ್ರೋಮಿನ ಹೊಳಪು, ಹಿಡಿಯಲ್ಲಿ ಅಡಗುವಷ್ಟು ಚಿಕ್ಕದು. ಕಿಂಡಿ ದೊಡ್ಡದಾಗಿ ತೆರೆದಾಗ ಮೂಲೆಗಳು ಸ್ವಲ್ಪ ಮೃದು, ಎಫ್ 5.6ಕ್ಕೆ ಬಂದರೆ ಎಲ್ಲ ಸರಿಹೋಗುತ್ತದೆ. ಎದುರು ಬಿಸಿಲಿನಲ್ಲಿ ಚಿತ್ರ ತುಸು ಮಂಕಾಗುತ್ತದೆ, ಕೈ ಮರೆ ಹಿಡಿಯಬೇಕು. ಇದೇ ಕಂಪನಿಯ ಎಫ್ 2, ಎಫ್ 1.8ರ ಲೆನ್ಸುಗಳೂ ಇವೆ, ಎಫ್ 2ರದಕ್ಕೆ ಹೆಸರೂ ಬೆಲೆಯೂ ಹೆಚ್ಚು.

ಮೂರನೆಯದು 1999ರಿಂದ ಕೊಸಿನಾ ಕಂಪನಿ ಫೋಗ್ಟ್‌ಲಾಂಡರ್ ಎಂಬ ಹಳೆಯ ಜರ್ಮನ್ ಹೆಸರಿನಲ್ಲಿ ತಂದ ಲೆನ್ಸುಗಳು. ಇವುಗಳಲ್ಲಿ ಕಲರ್ ಸ್ಕೋಪಾರ್ 35, ಎಫ್ 2.5 ಮತ್ತು 28, ಎಫ್ 3.5 ಎರಡೂ ನಮ್ಮಂಥವರಿಗೆ ಹೇಳಿ ಮಾಡಿಸಿದಂಥವು. ಹೊಸ ಕಾಲದ ಲೇಪ ಇರುವುದರಿಂದ ಬಿಸಿಲಿಗೆ ಅಂಜುವುದಿಲ್ಲ, ಬಣ್ಣ ಶುದ್ಧ, ಮೂಲೆಯವರೆಗೂ ಚೂಪು. ತಿರುಪಿನ ಮಾದರಿಗಳು ಈಗ ಕೈಬದಲಾದ ಸರಕಿನಲ್ಲಿ ಮಾತ್ರ ಹುಡುಕಬೇಕು. ದರ ಹಳೆಯ ಕ್ಯಾನನ್‌ಗಿಂತ ಹೆಚ್ಚು. ಆದರೆ ಗಾಜು ಹೊಸದು, ಒಳಗಿನ ರೋಗಗಳು ಕಡಿಮೆ. ಎಂ ಕ್ಯಾಮೆರಾ ಇದ್ದವರಿಗೆ ಚೀನಾದ ಸೆವೆನ್ ಆರ್ಟಿಸನ್ಸ್, ಟಿಟಿ ಆರ್ಟಿಸನ್ ಕಂಪನಿಗಳು ಇತ್ತೀಚಿನ ವರ್ಷಗಳಲ್ಲಿ ಹೊಸ ಲೆನ್ಸುಗಳನ್ನೇ ಕಡಿಮೆ ಬೆಲೆಗೆ ಕೊಡುತ್ತಿವೆ. ತಿರುಪಿನವರಿಗೆ ಅವುಗಳಿಂದ ಉಪಯೋಗವಿಲ್ಲ.

ಎಫ್ ಸಂಖ್ಯೆಯ ಮೋಹದ ಬಗ್ಗೆ ಒಂದು ಮಾತು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು, ಬೆಲೆಯೂ ದೊಡ್ಡದು. ಅಗಲ ಲೆನ್ಸಿಗೆ ಅಷ್ಟು ದೊಡ್ಡ ಕಿಂಡಿಯ ಅಗತ್ಯ ಕಡಿಮೆ. 35ರ ಲೆನ್ಸನ್ನು ಎಫ್ 2.8ರಲ್ಲೇ ಇಟ್ಟು ಹತ್ತು ಅಡಿಗೆ ಫೋಕಸ್ ಮಾಡಿದರೂ ಸುಮಾರು ಎಂಟೂಕಾಲು ಅಡಿಯಿಂದ ಹನ್ನೆರಡೂವರೆ ಅಡಿಯವರೆಗೆ ಇರುವವರೆಲ್ಲ ಸ್ಪಷ್ಟವಾಗಿ ಬರುತ್ತಾರೆ. ಹೊರಗೆ ಬಿಸಿಲಿನಲ್ಲಿ ಎಫ್ 8ಕ್ಕೆ ಇಟ್ಟು ಹದಿನೇಳು ಅಡಿಗೆ ನಿಲ್ಲಿಸಿದರೆ ಎಂಟೂವರೆ ಅಡಿಯಿಂದ ಆಚೆ ಗುಡ್ಡದವರೆಗೂ ಎಲ್ಲ ಸ್ಪಷ್ಟ, ಫೋಕಸ್ ಮಾಡುವ ಗೋಜೇ ಇಲ್ಲ. ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು ಕೈ ನಡುಗದೆ ಹಿಡಿಯಬಲ್ಲವರಿಗೆ, 400ರ ಫಿಲ್ಮಿನೊಂದಿಗೆ, ಕಿಟಕಿ ಪಕ್ಕದ ಬೆಳಕಿಗೆ ಎಫ್ 2.8 ಸಾಕು. ಎಫ್ 1.4ಕ್ಕೆಂದು ತೆರುವ ಹೆಚ್ಚಿನ ದುಡ್ಡಿನಲ್ಲಿ ಎಷ್ಟೋ ರೀಲುಗಳು ಬರುತ್ತವೆ.

ಹಳೆಯ ಲೆನ್ಸು ಕೊಳ್ಳುವವರು ನಮ್ಮ ಮಲೆನಾಡಿನ ಮಳೆಗಾಲವನ್ನು ಮರೆಯಬಾರದು. ಜೂನಿನಿಂದ ಸೆಪ್ಟೆಂಬರಿನವರೆಗೆ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಬರುವ ಊರಿನಲ್ಲಿ ಲೆನ್ಸಿಗೆ ಬರದೆ ಇರುತ್ತದೆಯೇ? ಗಾಜಿನ ಒಳಗೆ ಜೇಡರ ಬಲೆಯಂಥ ಎಳೆ ಹಬ್ಬುತ್ತದೆ. ಬಹಳ ದಿನ ಬಿಟ್ಟರೆ ಲೇಪವನ್ನೇ ತಿನ್ನುತ್ತದೆ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಒಂದು ಬದಿಯಿಂದ ಟಾರ್ಚು ಹಾಕಿ ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಎಳೆಯಿದ್ದರೆ, ಮಂಜು ಕವಿದಂತಿದ್ದರೆ ಕೊಳ್ಳಬೇಡಿ. ಮನೆಗೆ ತಂದ ಮೇಲೆ ಬಟ್ಟೆಯ ಬೀರುವಿನಲ್ಲಿಡದೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ಪೊಟ್ಟಣಗಳನ್ನು ಆಗಾಗ ಒಣಗಿಸಿ. ವಾರಕ್ಕೊಮ್ಮೆ ತೆಗೆದು ಬಳಸುವುದು ಎಲ್ಲಕ್ಕಿಂತ ಒಳ್ಳೆಯ ಔಷಧ.

ಇಷ್ಟೆಲ್ಲ ವಿಮರ್ಶೆಗೆ ಒರೆಗಲ್ಲು ಒಂದು ಬೇಕಲ್ಲ. ನನಗೆ ಸಿಕ್ಕಿದ್ದು ನಮ್ಮ ಶಾಲೆಯ ಬಿಸಿಯೂಟದ ಅಡುಗೆಕೋಣೆ. ಹತ್ತು ಅಡಿಗೆ ಹತ್ತು ಅಡಿ, ಒಂದು ಕಿಟಕಿ, ಮೂವರು ಅಡುಗೆಯವರು. ಅವರಲ್ಲಿ ಹಿರಿಯರಿಗೆ ಅರವತ್ತು ತುಂಬುತ್ತಾ ಬಂದಿತ್ತು, ಆ ವರ್ಷವೇ ಕೆಲಸ ಬಿಡುವವರಿದ್ದರು. ಮೂವರೂ ಒಟ್ಟಿಗೆ ಕೆಲಸ ಮಾಡುವ ಒಂದು ಚಿತ್ರ ಬೇಕೆಂದು ನನ್ನಾಸೆ. ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗ ತನ್ನ ಎಂ ಕ್ಯಾಮೆರಾ, 28 ಮತ್ತು 21ರ ಲೆನ್ಸುಗಳನ್ನು ತಂದಿದ್ದ. "ದೊಡ್ಡಮ್ಮ, ಒಂದೇ ದಿನ ಎಲ್ಲದರಲ್ಲೂ ತೆಗೆದು ನೋಡೋಣ" ಎಂದ. ಒಳಗೆ ಹೋದೊಡನೆ ಹಿರಿಯರು ಅಭ್ಯಾಸದಂತೆ ಬದಿಗೆ ಸರಿದರು. "ನಾ ಇಲ್ಲೇ ಮೂಲೇಲಿ ನಿಂತ್ಕತೀನಿ ಮೇಡಂ, ನೀವು ಅವರನ್ನ ತೆಗೀರಿ."

ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತರೆ ಅವರಿಗೆ ಎಂಟು ಅಡಿ ದೂರ. 50ರಲ್ಲಿ ಇಬ್ಬರು ಬಂದರು, ಹಿರಿಯರು ಹೊರಗೆ. 21ರಲ್ಲಿ ಎಲ್ಲರೂ ಬಂದರು. ಮೇಲಿನ ಅಟ್ಟ, ಗ್ಯಾಸಿನ ಸಿಲಿಂಡರು, ನೆಲದ ಮೇಲಿನ ಬಕೆಟ್ಟು ಸಹ. ಗೋಡೆಯ ಗೆರೆಗಳು ನೂಲು ಹಿಡಿದಂತೆ ನೇರ. ಹಿರಿಯರ ಮುಖ ಮಾತ್ರ ಅಂಚಿಗೆ ಸಿಕ್ಕಿ ಅಡ್ಡಡ್ಡ ಎಳೆದುಕೊಂಡಿತ್ತು. ಪ್ರಿಂಟು ಬಂದಾಗ ಅವರು ಬಹಳ ಹೊತ್ತು ನೋಡಿದರು. "ಇದು ನಾನಾ?" ಎಂದು ಕೇಳಿ, ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆ ನಗುವಿನಲ್ಲಿ ಸಂತೋಷ ಇರಲಿಲ್ಲ. ಇಟ್ಟಿಗೆ ಗೋಡೆಯ ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆಯುವ ಲೆನ್ಸು ಇಲ್ಲಿ ನಪಾಸಾಯಿತು. 28ರ ಚಿತ್ರದಲ್ಲಿ ಮೂವರೂ ಇದ್ದರು, ಹಿಗ್ಗುವಿಕೆ ಇದ್ದರೂ ಅವರು ಅವರೇ ಆಗಿದ್ದರು. ಒಳ್ಳೆಯ ಚಿತ್ರ.

ಅದಾದ ಕೆಲವು ವಾರಕ್ಕೆ ಕೈಬದಲಾದ ಒಂದು ಕ್ಯಾನನ್ 35, ಎಫ್ 2.8 ನನ್ನ ಕೈಗೆ ಬಂತು. ಅದರೊಂದಿಗೆ ನಾನು ಒಳಗೆ ಹೋಗಲೇ ಇಲ್ಲ. ಹೊಸಿಲಿನಿಂದ ಒಂದು ಹೆಜ್ಜೆ ಹೊರಗೆ ನಿಂತೆ. ದೂರ ಹತ್ತು ಅಡಿಯಾಯಿತು, ಆದ್ದರಿಂದ ಅಗಲವೂ ಹತ್ತು ಅಡಿ. ಬಾಗಿಲವಾಡ ಸ್ವಲ್ಪ ಮರೆಯಾಯಿತು. ಹಿರಿಯರನ್ನು ಒಲೆಯ ಬಳಿಗೆ, ನಡುವಿಗೆ ಕರೆದೆ. ಅಂಚಿನಲ್ಲಿ ಅನ್ನದ ದೊಡ್ಡ ಪಾತ್ರೆ ಬಂತು, ಅದು ನೂರಕ್ಕೆ ಹನ್ನೆರಡು ಪಾಲು ಹಿಗ್ಗಿದರೆ ಯಾರೂ ಬೇಸರಪಡುವುದಿಲ್ಲ. ಈ ಪ್ರಿಂಟನ್ನು ಅವರು ಕೇಳಿ ಮನೆಗೆ ಒಯ್ದರು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಅವರನ್ನು ನಡುವಿಗೆ ಕರೆದದ್ದು ನೀವು, ಲೆನ್ಸಿಗೇಕೆ ಶ್ರೇಯ ಎಂದು ತಂಗಿಯ ಮಗನೇ ಕೇಳಿದ. ನಿಜ. ಕರೆಯುವುದಕ್ಕೆ ಲೆನ್ಸು ಬೇಕಿಲ್ಲ. ಆದರೆ 21ರ ಲೆನ್ಸು ಹಾಕಿದವರಿಗೆ ಕರೆಯಬೇಕೆಂದು ತೋರುವುದೇ ಇಲ್ಲ, ಎಲ್ಲರೂ ಹೇಗೂ ಬರುತ್ತಾರಲ್ಲ! 35ರಲ್ಲಿ ಜಾಗ ಅಳತೆಯದು. ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಕೇಳಲೇಬೇಕಾಗುತ್ತದೆ. ಹೆಚ್ಚು ಅಗಲದ ಲೆನ್ಸು ನಮ್ಮಿಂದ ಆ ಪ್ರಶ್ನೆಯನ್ನು ತಪ್ಪಿಸುತ್ತದೆ ಎಂಬುದೇ ಅದರ ಮೇಲೆ ನನ್ನ ದೂರು.

ಇದರಿಂದ 28 ಅಥವಾ 21 ಕೆಟ್ಟದ್ದೆಂದು ತಿಳಿಯಬೇಡಿ. ಅಮೆರಿಕದ ಗ್ಯಾರಿ ವಿನೋಗ್ರ್ಯಾಂಡ್ ನ್ಯೂಯಾರ್ಕಿನ ಬೀದಿಗಳಲ್ಲಿ 28ರ ಲೆನ್ಸಿನೊಂದಿಗೇ ಹೆಚ್ಚಾಗಿ ತಿರುಗಾಡಿದವನು. ಜನರ ನಡುವೆಯೇ ನಿಂತು ತೆಗೆದ ಅವನ ಚಿತ್ರಗಳ ಗದ್ದಲ ಬೇರೆ ಲೆನ್ಸಿಗೆ ದಕ್ಕುತ್ತಿರಲಿಲ್ಲ. 1948ರಲ್ಲಿ ಗಾಂಧೀಜಿಯ ಕೊನೆಯ ದಿನಗಳನ್ನೂ ಅಂತ್ಯಯಾತ್ರೆಯನ್ನೂ ಸೆರೆಹಿಡಿದ ಫ್ರಾನ್ಸಿನ ಕಾರ್ತಿಯೇ ಬ್ರೆಸ್ಸೋಗೆ 50ರ ಲೆನ್ಸೇ ಜೀವನವಿಡೀ ಅಚ್ಚುಮೆಚ್ಚು. ದೇವಸ್ಥಾನದ ನವರಂಗ, ತೋಟದ ಮನೆಯ ಒಳಾಂಗಣ ಇವುಗಳಿಗೆ 21 ಬೇಕಾಗಬಹುದು, ಕಂಬಗಳು ಮುನಿಸಿಕೊಳ್ಳುವುದಿಲ್ಲ. ನಿಮ್ಮ ಕ್ಯಾಮೆರಾದ ಕಿಟಕಿಯಲ್ಲಿ 28ರ ಚೌಕಟ್ಟಿದ್ದರೆ, ನಿಮ್ಮ ಕೋಣೆಗಳು ಚಿಕ್ಕವಾಗಿದ್ದರೆ, 28ನ್ನು ಧೈರ್ಯವಾಗಿ ತನ್ನಿ. ಮನುಷ್ಯರನ್ನು ಮಾತ್ರ ಕೊನೆಯ ಅಂಚಿನಿಂದ ಒಂದು ಗೇಣು ಒಳಗೆ ನಿಲ್ಲಿಸಿ.

ಹಣದ ವಿಷಯ ಮುಚ್ಚಿಡುವುದೇಕೆ? ನಾನು ಕೊಂಡದ್ದು ಗಳಿಕೆ ರಜೆ ನಗದೀಕರಣದ ದುಡ್ಡಿನಲ್ಲಿ. "ನಿನ್ನ ಕಣ್ಣಿಗೊಂದು ಕನ್ನಡಕ ಇದೆ, ಕ್ಯಾಮೆರಾಕ್ಕೆ ಒಂದು ಕಣ್ಣಿದೆ, ಇನ್ನೂ ಒಂದೇಕೆ?" ಎಂದು ನಮ್ಮ ಮನೆಯವರು ತಮಾಷೆ ಮಾಡಿದರು. ತಮಾಷೆಯೇ ಆದರೂ ಇಂಥ ಪ್ರಶ್ನೆ ಸ್ಕೂಟರಿನ ಹೊಸ ಟೈರಿಗೆ ಏಳುವುದಿಲ್ಲ. ಹೆಂಗಸರು ತಮಗೆಂದು ಕೊಳ್ಳುವ ಪ್ರತಿಯೊಂದಕ್ಕೂ ಕಾರಣ ಒಪ್ಪಿಸಬೇಕಾಗುತ್ತದೆ. ಆದ್ದರಿಂದಲೇ ನಾವು ಕೊಳ್ಳುವಾಗ ಸರಿಯಾಗಿ ನೋಡಿ ಕೊಳ್ಳಬೇಕು. ಅಂಗಡಿಯವರು ಹೇಳುವ ಅಗ್ಗಕ್ಕೂ ನಾವು ಹೇಳುವ ಅಗ್ಗಕ್ಕೂ ವ್ಯತ್ಯಾಸವಿದೆ. ನಮ್ಮ ಲೆಕ್ಕದಲ್ಲಿ ಅಗ್ಗವಾದ ಲೆನ್ಸೆಂದರೆ ಇರುವ ಕ್ಯಾಮೆರಾಕ್ಕೆ ಹಾಗೆಯೇ ಕೂರುವಂಥದ್ದು, ಇರುವ ಕಿಟಕಿಯಲ್ಲೇ ಕಾಣುವಂಥದ್ದು, ಎರಡನೆಯ ಖರ್ಚನ್ನು ಬೆನ್ನಿಗೆ ಕಟ್ಟಿಕೊಂಡು ಬಾರದಂಥದ್ದು. ತಿರುಪಿನ ಕ್ಯಾಮೆರಾ ಇದ್ದವರಿಗೆ ಅಂಥದು 35, ಎಫ್ 2.8 ಅಥವಾ 2.5. ಗಾಜು ಸ್ವಚ್ಛವಾಗಿದ್ದರೆ ಹೆಸರು ಯಾವುದಾದರೂ ಆದೀತು.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ನೀವು ಯಾರ ಫೋಟೋ ತೆಗೆಯಬೇಕೆಂದಿದ್ದೀರೋ ಅವರು ಕೆಲಸ ಮಾಡುವ ಜಾಗಕ್ಕೆ ಹೋಗಿ, ನೀವು ನಿಲ್ಲಬಹುದಾದ ಕಡೆಯಿಂದ ಅವರವರೆಗೆ ಹೆಜ್ಜೆ ಹಾಕಿ ಅಳೆಯಿರಿ. ಎಷ್ಟು ಅಡಿಯೋ ಅಷ್ಟು ಅಗಲ 35ಕ್ಕೆ ಸಿಗುತ್ತದೆ. ಅಷ್ಟರಲ್ಲಿ ಅವರೆಲ್ಲ ಹಿಡಿದರೆ ಮುಂದೆ ಯೋಚಿಸಬೇಕಾದ್ದಿಲ್ಲ. ಹಿಡಿಯದಿದ್ದರೆ ಮೊದಲು ಒಂದು ಹೆಜ್ಜೆ ಹಿಂದಕ್ಕೆ ಹೋಗಲು ಜಾಗವಿದೆಯೇ ನೋಡಿ. ಬಾಗಿಲು ತೆರೆದಿದ್ದರೆ ಸಾಮಾನ್ಯವಾಗಿ ಇರುತ್ತದೆ.